ರಾಣಿಯ ತವರಿನಿಂದ ಬಂದ ಮಹಾಸೇನಾಪತಿ: ಹಾನ್ ಸಾಮ್ರಾಜ್ಯದ ವೇ ಚಿಂಗ್

ಚೀನಾದ ಹಾನ್ ವಂಶದ ವೂ ಚಕ್ರವರ್ತಿ ತನ್ನ ಅಧಿಕಾರಿಗಳನ್ನು ಬರಮಾಡಿಕೊಳ್ಳುವ ರೀತಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿತ್ತು. ಪ್ರಧಾನಮಂತ್ರಿ ಗೊಂಗ್‌ಸುನ್ ಹೊಂಗ್ ಖಾಸಗಿಯಾಗಿ ಭೇಟಿಗೆ ಬಂದಾಗ ಚಕ್ರವರ್ತಿಯ ತಲೆಯ ಮೇಲೆ ಕೆಲವೊಮ್ಮೆ ಟೋಪಿ ಇರುತ್ತಿರಲಿಲ್ಲ. ನಿಷ್ಠುರ ಮಾತಿಗೆ ಹೆಸರಾದ ಜೀ ಆನ್ ಬಂದರೆ ಮಾತ್ರ ಟೋಪಿಯಿಲ್ಲದೆ ಕಾಣಿಸಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಒಮ್ಮೆ ಬರಿದಲೆಯಲ್ಲಿ ಕುಳಿತಿದ್ದಾಗ ಜೀ ಆನ್ ದೂರದಲ್ಲಿ ಬರುತ್ತಿರುವುದನ್ನು ಕಂಡು ಪರದೆಯ ಹಿಂದೆ ಸರಿದು, ಅವನ ಮನವಿಗೆ ಬೇರೊಬ್ಬರ ಮೂಲಕ ಒಪ್ಪಿಗೆ ಹೇಳಿ ಕಳಿಸಿದನು. ಇನ್ನು ಸಾಮ್ರಾಜ್ಯದ ಸಮಸ್ತ ಸೇನೆಗೆ ಒಡೆಯನಾಗಿದ್ದ ಮಹಾಸೇನಾಪತಿ ವೇ ಚಿಂಗ್ ಬಂದರೆ? ಅವನನ್ನು ಚಕ್ರವರ್ತಿ ಕಾಲು ಮಡಚಿ ಕುಕ್ಕರಗಾಲಿನಲ್ಲಿ ಕುಳಿತಂತೆಯೇ ನೋಡುತ್ತಿದ್ದನು. ಎಲ್ಲಿ ಕುಳಿತು ಎಂಬುದನ್ನು ಹೇಳುವ ಮೂಲದ ಪದಕ್ಕೆ ಮಂಚದ ಅಂಚು ಎಂದು ಕೆಲವು ವ್ಯಾಖ್ಯಾನಕಾರರು ಮರ್ಯಾದೆಯ ಅರ್ಥ ಹೇಳುತ್ತಾರೆ. ಆ ಪದದ ನೇರ ಅರ್ಥ ಶೌಚದ ಜಾಗ.

ಇದು ಸಲುಗೆಯೋ, ತಾತ್ಸಾರವೋ? ನನಗೆ ತೋರುವಂತೆ ಎರಡೂ ಹೌದು, ಮತ್ತು ಅವೆರಡೂ ಬೇರೆ ಬೇರೆ ಆಗಿರಲಿಲ್ಲ ಎಂಬುದರಲ್ಲಿಯೇ ವೇ ಚಿಂಗ್‌ನ ಬದುಕಿನ ಕೀಲಿಯಿದೆ. ಅವನ ಅಕ್ಕ ಚಕ್ರವರ್ತಿಯ ಪಟ್ಟದರಸಿ. ಚಕ್ರವರ್ತಿಯ ಅಕ್ಕ ಕೊನೆಗೆ ಅವನ ಹೆಂಡತಿ. ಕೊಟ್ಟು ತಂದ ಈ ನೆಂಟಸ್ತಿಕೆಗಿಂತ ಹತ್ತಿರದ್ದು ಸಿಂಹಾಸನದ ಸುತ್ತ ಇನ್ನೊಂದಿರಲಾರದು. ಆದರೂ ಆ ನೆಂಟಸ್ತಿಕೆಯನ್ನು ಕಳಚಿಟ್ಟರೆ ಅವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ: ಮನೆತನವಿಲ್ಲ, ಜಮೀನಿಲ್ಲ, ಹೇಳಿಕೊಳ್ಳಲು ತಂದೆಯ ಹೆಸರೂ ಇಲ್ಲ. ಚಕ್ರವರ್ತಿ ಅವನನ್ನು ಆರಿಸಿಕೊಂಡದ್ದು ಈ ಬರಿಗೈಯನ್ನು ಕಂಡೇ.

ಇದು ಅರ್ಥವಾಗಬೇಕಾದರೆ ಹಾನ್ ಕಾಲದ ಅರಮನೆಯ ನೆಂಟರ ಲೆಕ್ಕಾಚಾರವನ್ನು ಸ್ವಲ್ಪ ತಿಳಿದಿರಬೇಕು. ಚಕ್ರವರ್ತಿಗೆ ಎರಡು ಬಗೆಯ ಬಂಧುಗಳು. ಒಂದು, ಅವನದೇ ಲ್ಯೂ ವಂಶದ ದಾಯಾದಿಗಳು. ಇವರ ರಕ್ತದಲ್ಲಿ ಸಿಂಹಾಸನದ ಹಕ್ಕು ಇದ್ದುದರಿಂದ ಇವರ ಕೈಗೆ ಸೈನ್ಯ ಕೊಡುವುದು ಅಪಾಯ. ಕ್ರಿ.ಪೂ. 154ರಲ್ಲಿ ಏಳು ದಾಯಾದಿ ರಾಜ್ಯಗಳು ಒಟ್ಟಾಗಿ ದಂಗೆಯೆದ್ದಾಗ ವೂ ಎರಡು ವರ್ಷದ ಕೂಸಾಗಿದ್ದನು. ಇನ್ನೊಂದು ಬಗೆ ರಾಣಿಯ ಅಥವಾ ರಾಜಮಾತೆಯ ತವರಿನವರು. ಇವರನ್ನು ಚೀನೀಯರು 'ಹೊರಗಿನ ನೆಂಟರು' ಎಂದು ಕರೆಯುತ್ತಿದ್ದರು. ಇವರ ಕುಲನಾಮ ಬೇರೆ, ಆದ್ದರಿಂದ ತಾವೇ ಪಟ್ಟವೇರುವ ಹಾದಿ ಇಲ್ಲ. ಅರಮನೆಯಲ್ಲಿರುವ ಹೆಣ್ಣುಮಗಳ ಮೇಲೆ ಅರಸನಿಗೆ ಒಲವು ಇರುವವರೆಗೆ, ಅವಳ ಮಗ ಉತ್ತರಾಧಿಕಾರಿಯಾಗಿರುವವರೆಗೆ ಇವರ ಬಾಳು ಹಸನು. ಹೀಗಾಗಿ ನಂಬಿ ಕೆಲಸ ಒಪ್ಪಿಸಲು ಇವರು ಅನುಕೂಲ.

ಆದರೆ ಈ ತವರಿನವರೂ ಬೇರು ಬಿಟ್ಟರೆ ಕಷ್ಟವೆಂಬುದನ್ನು ಹಾನ್ ಅರಮನೆ ಕಂಡಿತ್ತು. ವಂಶಸ್ಥಾಪಕನ ವಿಧವೆ ರಾಣಿ ಲೂ ತನ್ನ ತವರಿನವರನ್ನು ಸೇನೆಯ ಆಯಕಟ್ಟಿನ ಸ್ಥಾನಗಳಲ್ಲಿ ಕೂರಿಸಿದ್ದಳು, ಕ್ರಿ.ಪೂ. 180ರಲ್ಲಿ ಅವಳು ಸತ್ತೊಡನೆ ಹಳೆಯ ಮಂತ್ರಿಗಳು ಆ ಕುಲವನ್ನೇ ಕಡಿದು ಹಾಕಿದರು. ವೂ ಚಕ್ರವರ್ತಿಗೂ ಇದರ ಬಿಸಿ ತಟ್ಟಿತ್ತು. ಕ್ರಿ.ಪೂ. 141ರಲ್ಲಿ ಹದಿಹರೆಯದಲ್ಲಿ ಪಟ್ಟಕ್ಕೆ ಬಂದರೂ ಕ್ರಿ.ಪೂ. 135ರಲ್ಲಿ ಅಜ್ಜಿ ದೋ ತೀರಿಕೊಳ್ಳುವವರೆಗೆ ಅವನ ಕೈ ಕಟ್ಟಿಹಾಕಿದಂತಿತ್ತು. ಅಜ್ಜಿಯ ಕಡೆಯ ದೋ ಯಿಂಗ್ ಮತ್ತು ತಾಯಿಯ ಕಡೆಯ ಸೋದರಮಾವ ಟಿಯೆನ್ ಫೆನ್ ಇಬ್ಬರೂ ಮನೆ ತುಂಬ ಆಶ್ರಿತರನ್ನು ಸಾಕಿಕೊಂಡು ಪರಸ್ಪರ ಜಿದ್ದಿಗೆ ಬಿದ್ದು ಆಸ್ಥಾನವನ್ನೇ ಎರಡು ಪಾಲು ಮಾಡಿದ್ದರು. ಕ್ರಿ.ಪೂ. 131ರಲ್ಲಿ ಒಬ್ಬನಿಗೆ ಮರಣದಂಡನೆಯಾಗಿ, ಇನ್ನೊಬ್ಬ ಕಾಯಿಲೆಯಿಂದ ಸತ್ತಾಗ ಚಕ್ರವರ್ತಿ ನಿಟ್ಟುಸಿರು ಬಿಟ್ಟಿರಬೇಕು. ಅವನಿಗೆ ಬೇಕಾಗಿದ್ದುದು ತವರಿನ ನೆಂಟನೇ, ಆದರೆ ತವರೇ ಇಲ್ಲದ ನೆಂಟ.

ವೇ ಚಿಂಗ್ ಅಂಥವನಾಗಿದ್ದನು. ಇಂದಿನ ಶಾನ್ಶಿ ಪ್ರಾಂತ್ಯದ ಲಿನ್‌ಫೆನ್ ಸುತ್ತಲಿನ ಪಿಂಗ್‌ಯಾಂಗ್ ಎಂಬ ಜಹಗೀರಿನ ಪ್ರಭುವಿನ ಮನೆಯಲ್ಲಿ ಅವನ ತಾಯಿ ಆಳಾಗಿದ್ದಳು. ದಾಖಲೆಗಳಲ್ಲಿ ಅವಳಿಗೆ ಸ್ವಂತ ಹೆಸರೇ ಇಲ್ಲ, 'ವೇ ಮುದುಕಿ' ಎಂದಷ್ಟೇ ಇದೆ. ತಂದೆ ಝೆಂಗ್ ಜೀ ಎಂಬ ಸಣ್ಣ ನೌಕರ, ಅದೇ ಮನೆಗೆ ಕೆಲಸಕ್ಕೆ ಬಂದವನು, ಬೇರೆ ಕಡೆ ಸಂಸಾರವಿದ್ದವನು. ಹುಡುಗನನ್ನು ಕೆಲಕಾಲ ತಂದೆಯ ಮನೆಗೆ ಕಳಿಸಿದರು. ಅಲ್ಲಿ ಅವನಿಗೆ ಸಿಕ್ಕಿದ್ದು ಕುರಿ ಕಾಯುವ ಕೆಲಸ. ಮದುವೆಯ ಹೆಂಡತಿಯ ಮಕ್ಕಳು ಅವನನ್ನು ತಮ್ಮನೆಂದು ಎಣಿಸದೆ ಜೀತದಾಳಿನಂತೆ ನಡೆಸಿಕೊಂಡರು. ಆ ದಿನಗಳಲ್ಲಿ ಯಾರದೋ ಜೊತೆಯಲ್ಲಿ ಗಾನ್‌ಚ್ಯುವಾನ್ ಅರಮನೆಯ ಸೆರೆಮನೆಯ ಕಡೆ ಹೋದಾಗ, ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿದ್ದ ಕೈದಿಯೊಬ್ಬ ಅವನ ಮುಖಲಕ್ಷಣ ನೋಡಿ ಮುಂದೆ ಜಹಗೀರು ಪಡೆಯುವ ಯೋಗವಿದೆ ಎಂದನಂತೆ. ಹುಡುಗ ನಕ್ಕುಬಿಟ್ಟನು. ಆಳಿನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಏಟು, ಬೈಗುಳ ತಪ್ಪಿದರೆ ಅದೇ ದೊಡ್ಡದು, ಜಹಗೀರೆಲ್ಲಿಂದ ಬರಬೇಕು ಎಂದು ಉತ್ತರಿಸಿದನು. ದೊಡ್ಡವರಾದ ಮೇಲೆ ಇಂಥ ಭವಿಷ್ಯವಾಣಿಗಳು ಹುಟ್ಟಿಕೊಳ್ಳುವುದುಂಟು, ನಿಜ. ಆದರೆ ಆ ಉತ್ತರ ಮಾತ್ರ ಅವನ ಮುಂದಿನ ನಡತೆಗೆ ಎಷ್ಟು ಹೊಂದುತ್ತದೆಯೆಂದರೆ ಅದನ್ನು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.

ಬೆಳೆದ ಮೇಲೆ ಅವನು ತಾಯಿಯ ಒಡೆಯರ ಮನೆಗೇ ಮರಳಿ, ಅಲ್ಲಿಯ ಒಡತಿಯ ಸವಾರಿಯ ಹಿಂದೆ ಕುದುರೆ ಏರಿ ಹೋಗುವ ಬೆಂಗಾವಲಿನವನಾದನು. ಆ ಒಡತಿ ಬೇರೆ ಯಾರೂ ಅಲ್ಲ, ಚಕ್ರವರ್ತಿಯ ಒಡಹುಟ್ಟಿದ ಅಕ್ಕ, ಪಿಂಗ್‌ಯಾಂಗ್ ರಾಜಕುಮಾರಿ. ಕ್ರಿ.ಪೂ. 139ರ ವಸಂತದಲ್ಲಿ ಚಕ್ರವರ್ತಿ ನದಿಯ ದಡದಲ್ಲಿ ಶುದ್ಧಿವಿಧಿ ಮುಗಿಸಿ ಬರುವಾಗ ಅಕ್ಕನ ಮನೆಯಲ್ಲಿ ತಂಗಿದನು. ಅಕ್ಕ ಅಲಂಕರಿಸಿ ತಂದು ನಿಲ್ಲಿಸಿದ ಒಳ್ಳೆಯ ಮನೆತನದ ಹುಡುಗಿಯರು ಯಾರೂ ಅವನ ಮನಸ್ಸಿಗೆ ಬರಲಿಲ್ಲ; ಊಟದ ಹೊತ್ತಿನಲ್ಲಿ ಹಾಡಲು ಬಂದ ವೇ ಜಿಫು ಮನಸ್ಸಿಗೆ ಬಂದಳು. ಅವಳು ವೇ ಚಿಂಗ್‌ನ ಅಕ್ಕ, ಒಂದೇ ತಾಯಿಯ ಮಗಳು. ಅವಳೊಂದಿಗೆ ತಮ್ಮನೂ ಅರಮನೆಯ ಚಾಕರಿಗೆ ಸೇರಿದನು.

ಅವಳು ಗರ್ಭಿಣಿಯಾದ ಸುದ್ದಿ ಹಬ್ಬಿದಾಗ ಮಕ್ಕಳಿಲ್ಲದ ಪಟ್ಟದರಸಿ ಚೆನ್‌ಳ ತಾಯಿ ಕೆರಳಿದಳು. ಆಕೆ ಚಕ್ರವರ್ತಿಗೆ ಸೋದರತ್ತೆಯೂ ಹೌದು, ಅತ್ತೆಯೂ ಹೌದು. ಗರ್ಭಿಣಿಯನ್ನು ಮುಟ್ಟುವಂತಿರಲಿಲ್ಲವಾದ್ದರಿಂದ ತಮ್ಮನನ್ನು ಹಿಡಿಸಿ ಕೊಲ್ಲಿಸಲು ಹೊರಟಳು. ಗೊಂಗ್‌ಸುನ್ ಆವೋ ಎಂಬ ಅಶ್ವಪಡೆಯ ಗೆಳೆಯ ಕೆಲವು ಜನ ಗಟ್ಟಿಗರನ್ನು ಕಟ್ಟಿಕೊಂಡು ಹೋಗಿ ಅವನನ್ನು ಬಿಡಿಸಿ ತಂದನು. ವಿಷಯ ಚಕ್ರವರ್ತಿಯ ಕಿವಿಗೆ ಬಿತ್ತು. ಅವನು ಅತ್ತೆಯ ಮೇಲೆ ರೇಗಲಿಲ್ಲ. ವೇ ಚಿಂಗ್‌ನನ್ನು ಕರೆಸಿ ತನ್ನ ಸಮ್ಮುಖದ ಪರಿಚಾರಕನನ್ನಾಗಿ ಮಾಡಿಕೊಂಡನು. ಕೆಲವೇ ದಿನಗಳಲ್ಲಿ ಆ ಕುಟುಂಬಕ್ಕೆ ಬಂದ ಬಹುಮಾನದ ಮೊತ್ತ ಸಾವಿರ ಚಿನ್ನ ಮುಟ್ಟಿತು. ಹತ್ತು ವರ್ಷ ಅವನು ಚಕ್ರವರ್ತಿಯ ಕಣ್ಣೆದುರೇ ಬೆಳೆದನು. ಗೊಂಗ್‌ಸುನ್ ಆವೋನ ಆ ಉಪಕಾರವನ್ನು ಮಾತ್ರ ವೇ ಚಿಂಗ್ ಜೀವಮಾನವಿಡೀ ಮರೆಯಲಿಲ್ಲ, ಮತ್ತು ಅದರ ಬೆಲೆಯನ್ನು ಮುಂದೊಂದು ದಿನ ಇನ್ನೊಬ್ಬ ತೆರಬೇಕಾಯಿತು.

ಆ ಹೊತ್ತಿಗೆ ಉತ್ತರದ ಹುಲ್ಲುಗಾವಲಿನಲ್ಲಿ ಶ್ಯೋಂಗ್ನು ಎಂಬ ಕುದುರೆ ಸವಾರ ಅಲೆಮಾರಿಗಳ ಒಕ್ಕೂಟ ಹಾನ್ ಸಾಮ್ರಾಜ್ಯಕ್ಕೆ ಎರಡು ತಲೆಮಾರುಗಳಿಂದ ತಲೆನೋವಾಗಿತ್ತು. ಅವರ ದೊರೆಗೆ ಚಾನ್ಯು ಎಂದು ಬಿರುದು. ಕ್ರಿ.ಪೂ. 200ರಲ್ಲಿ ಹಾನ್ ವಂಶಸ್ಥಾಪಕನೇ ಬೈದೆಂಗ್ ಎಂಬಲ್ಲಿ ಅವರ ಮುತ್ತಿಗೆಯಲ್ಲಿ ಸಿಕ್ಕಿ ಏಳು ದಿನ ಒದ್ದಾಡಿದ್ದನು. ಅಂದಿನಿಂದ ರಾಜಕುಮಾರಿಯರನ್ನು, ರೇಷ್ಮೆಯನ್ನು, ದವಸವನ್ನು ಕಳಿಸಿ ಶಾಂತಿ ಕೊಳ್ಳುವ ಪದ್ಧತಿ ಬೆಳೆಯಿತು. ವೂ ಇದನ್ನು ಮುರಿಯಲು ಕ್ರಿ.ಪೂ. 133ರಲ್ಲಿ ಮಾಯೀ ಪಟ್ಟಣದ ಬಳಿ ಮೂರು ಲಕ್ಷ ಸೈನಿಕರನ್ನು ಅಡಗಿಸಿಟ್ಟು ಚಾನ್ಯುವಿಗೆ ಬಲೆ ಬೀಸಿದನು. ಬಯಲಿನ ತುಂಬ ದನಕುರಿ ಇದ್ದರೂ ಕಾಯುವವರೊಬ್ಬರೂ ಕಾಣದಿರುವುದನ್ನು ಗಮನಿಸಿದ ಚಾನ್ಯು ಅನುಮಾನಗೊಂಡು ಹಿಂದಿರುಗಿದನು. ಮೂರು ಲಕ್ಷದ ಆ ಸೇನೆ ಒಂದು ಬಾಣ ಬಿಡದೆ ಮನೆಗೆ ಬಂತು. ಕೂತು ಕಾಯುವ ಸೈನ್ಯದಿಂದ ಏನೂ ಆಗದು, ಅವರಂತೆಯೇ ಕುದುರೆಯ ಮೇಲೆ ಅವರ ನೆಲಕ್ಕೇ ನುಗ್ಗಬೇಕು ಎಂಬ ಪಾಠ ಅಲ್ಲಿಂದ ಬಂತು.

ಕ್ರಿ.ಪೂ. 129ರಲ್ಲಿ ತಲಾ 10,000 ಸವಾರರೊಂದಿಗೆ ನಾಲ್ವರು ಸೇನಾಪತಿಗಳು ನಾಲ್ಕು ಗಡಿಠಾಣ್ಯಗಳಿಂದ ಹೊರಟರು. ಅವರಲ್ಲಿ ಲೀ ಗ್ವಾಂಗ್ ಗಡಿಯಲ್ಲೇ ಕೂದಲು ನರೆಸಿಕೊಂಡ ಹೆಸರಾಂತ ಬಿಲ್ಲುಗಾರ; ವೇ ಚಿಂಗ್‌ಗೆ ಅದು ಮೊದಲನೆಯ ದಂಡಯಾತ್ರೆ. ಫಲಿತಾಂಶ ಯಾರೂ ಎಣಿಸದಂಥದ್ದು. ಲೀ ಗ್ವಾಂಗ್ ಸೆರೆಸಿಕ್ಕು ಹೇಗೋ ತಪ್ಪಿಸಿಕೊಂಡು ಬಂದನು, ಗೊಂಗ್‌ಸುನ್ ಆವೋ 7,000 ಜನರನ್ನು ಕಳೆದುಕೊಂಡನು, ಗೊಂಗ್‌ಸುನ್ ಹ ಎಂಬವನಿಗೆ ಶತ್ರುವೇ ಸಿಗಲಿಲ್ಲ. ವೇ ಚಿಂಗ್ ಒಬ್ಬನೇ ಶ್ಯೋಂಗ್ನುಗಳು ತಮ್ಮ ದೇವತೆಗಳಿಗೆ ಬಲಿಯರ್ಪಿಸುತ್ತಿದ್ದ ಲೊಂಗ್‌ಚೆಂಗ್‌ವರೆಗೆ ಹೋಗಿ, ಕೊಂದವರು ಸೆರೆಯಾದವರು ಸೇರಿ 700 ಮಂದಿಯ ಲೆಕ್ಕದೊಂದಿಗೆ ಮರಳಿದನು. ಸಂಖ್ಯೆ ಸಣ್ಣದು, ಆದರೆ ಹಾನ್ ಪಡೆಯೊಂದು ಅಷ್ಟು ಒಳಗೆ ಹೋಗಿ ಮರಳಿದ್ದೇ ಹೊಸದು. ಮರುವರ್ಷ ವೇ ಜಿಫು ಚಕ್ರವರ್ತಿಗೆ ಮೊದಲ ಗಂಡುಮಗು ಲ್ಯೂ ಜೂನನ್ನು ಹೆತ್ತು ಪಟ್ಟದರಸಿಯಾದಳು. ಅಕ್ಕನ ಏಳಿಗೆಯೂ ತಮ್ಮನ ಗೆಲುವೂ ಹೀಗೆ ಒಂದರ ಹಿಂದೊಂದು ಬಂದುದರಿಂದ ಯಾವುದು ಯಾವುದರ ಕಾರಣವೆಂದು ಆಗಿನವರಿಗೂ ಬಿಡಿಸಿ ಹೇಳಲಾಗಲಿಲ್ಲ.

ಅವನ ಯುದ್ಧಗಳಲ್ಲಿ ದೀರ್ಘಕಾಲ ಬಾಳಿದ ಫಲ ಕೊಟ್ಟದ್ದು ಕ್ರಿ.ಪೂ. 127ರದು ಎಂದು ನನ್ನ ಎಣಿಕೆ, ಅದರಲ್ಲಿ ರಕ್ತಪಾತ ಕಡಿಮೆಯಿದ್ದರೂ. ಹಳದಿ ನದಿ ಉತ್ತರಕ್ಕೆ ಏರಿ, ಪೂರ್ವಕ್ಕೆ ತಿರುಗಿ, ಮತ್ತೆ ದಕ್ಷಿಣಕ್ಕೆ ಇಳಿಯುವಾಗ ಒಂದು ದೊಡ್ಡ ಕೊಂಕು ಉಂಟಾಗುತ್ತದೆ. ಆ ಕೊಂಕಿನ ಒಳಗಿನ ಆರ್ದೋಸ್ ಬಯಲಿನಲ್ಲಿ ಶ್ಯೋಂಗ್ನುಗಳ ಅಧೀನದ ಬೈಯಾಂಗ್ ಮತ್ತು ಲೋಫಾನ್ ದೊರೆಗಳು ಬೀಡುಬಿಟ್ಟಿದ್ದರು. ಅಲ್ಲಿಂದ ಹಗುರ ಸವಾರರು ಒಂದು ಹಗಲು ಒಂದು ರಾತ್ರಿಯಲ್ಲಿ ರಾಜಧಾನಿ ಚಾಂಗಾನ್‌ನ ಸೀಮೆಗೆ ಬಂದು ಬೀಳಬಹುದೆಂದು ಹಿಂದಿನವರು ಎಚ್ಚರಿಸಿದ್ದರು. ಆ ವರ್ಷ ಶ್ಯೋಂಗ್ನುಗಳು ಪೂರ್ವದ ಗಡಿಯಲ್ಲಿ ದಾಳಿ ಮಾಡುತ್ತಿದ್ದಾಗ ವೇ ಚಿಂಗ್ ಅತ್ತ ಹೋಗದೆ ಯುನ್‌ಝೊಂಗ್‌ನಿಂದ ಪಶ್ಚಿಮಕ್ಕೆ, ನದಿಯ ಹೊರಬಳಸಿನಲ್ಲಿ ಸಾಗಿ ಗಾವೋಚ್ಯುವೆ ಕಣಿವೆಯನ್ನು ಹಿಡಿದು, ಅಲ್ಲಿಂದ ದಕ್ಷಿಣಕ್ಕೆ ಲೊಂಗ್‌ಶಿಯವರೆಗೆ ಬಂದನು. ಇದರಿಂದ ಆ ಎರಡು ದೊರೆಗಳಿಗೆ ಬೆನ್ನ ಹಿಂದಿನ ಬಾಗಿಲು ಮುಚ್ಚಿದಂತಾಗಿ, ದನಕುರಿಗಳ ದೊಡ್ಡ ಹಿಂಡುಗಳನ್ನು ಬಿಟ್ಟು ಅವರು ಓಡಿದರು. ಗೆದ್ದ ನೆಲದಲ್ಲಿ ಶುವೋಫಾಂಗ್ ಎಂಬ ಹೊಸ ಪ್ರಾಂತ್ಯ ಏರ್ಪಟ್ಟು, ಕೋಟೆ ಎದ್ದು, 1,00,000 ಜನರು ಅಲ್ಲಿಗೆ ವಲಸೆ ಬಂದರು. ದಾಳಿಯ ದಾರಿಯಾಗಿದ್ದ ಜಾಗ ಮುಂದಿನ ದಂಡಯಾತ್ರೆಗಳ ನೆಲೆಯಾಯಿತು. ವೇ ಚಿಂಗ್ 3,800 ಕುಟುಂಬಗಳ ಕಂದಾಯವಿರುವ ಚಾಂಗ್‌ಪಿಂಗ್ ಜಹಗೀರಿನ ಪ್ರಭುವಾದನು.

ಕ್ರಿ.ಪೂ. 124ರ ವಸಂತದಲ್ಲಿ 30,000 ಸವಾರರೊಂದಿಗೆ ಗಾವೋಚ್ಯುವೆಯಿಂದ ಹೊರಟು ಆರೇಳು ನೂರು ಲೀ (ಒಂದು ಲೀ ಎಂದರೆ ಅರ್ಧ ಕಿಲೋಮೀಟರಿಗೂ ಕಡಿಮೆ) ದೂರ ಒಳನುಗ್ಗಿದ ಅವನು, ಹಾನ್ ಪಡೆ ಇಷ್ಟು ದೂರ ಬರಲಾರದೆಂದು ಕುಡಿದು ಮಲಗಿದ್ದ, ಶ್ಯೋಂಗ್ನುಗಳ ಪಶ್ಚಿಮ ಭಾಗವನ್ನು ಆಳುತ್ತಿದ್ದ 'ಬಲಗಡೆಯ ಅರಸ'ನನ್ನು ರಾತ್ರಿಯಲ್ಲಿ ಸುತ್ತುವರಿದನು. ಅರಸ ಒಬ್ಬ ಮೆಚ್ಚಿನ ಹೆಂಡತಿಯನ್ನೂ ಕೆಲವು ನೂರು ಸವಾರರನ್ನೂ ಕರೆದುಕೊಂಡು ಪಾರಾದನು. ಹತ್ತಕ್ಕೂ ಹೆಚ್ಚು ಮರಿದೊರೆಗಳು, 15,000 ಜನರು ಸೆರೆಯಾದರು. ಸೇನೆ ಗಡಿಯನ್ನು ಮುಟ್ಟುವ ಹೊತ್ತಿಗೆ ಚಕ್ರವರ್ತಿಯ ದೂತ ಮುದ್ರೆ ಹಿಡಿದು ಕಾದಿದ್ದನು. ವೇ ಚಿಂಗ್‌ಗೆ ಶಿಬಿರದಲ್ಲೇ ಮಹಾಸೇನಾಪತಿ ಪದವಿ, ಉಳಿದೆಲ್ಲ ಸೇನಾಪತಿಗಳು ಅವನ ಕೈಕೆಳಗೆ. ಅದರ ಮೇಲೆ ಅವನ ಮೂವರು ಗಂಡುಮಕ್ಕಳಿಗೂ ಜಹಗೀರು ಘೋಷಣೆಯಾಯಿತು. ಆಗ ಅವನು, ಮಕ್ಕಳಿನ್ನೂ ಬಟ್ಟೆಯಲ್ಲಿ ಸುತ್ತಿಟ್ಟ ಕೂಸುಗಳು, ಅವರ ದುಡಿಮೆ ಏನೂ ಇಲ್ಲ, ಕಾದಾಡಿದವರು ನನ್ನ ಅಧಿಕಾರಿಗಳು ಎಂದು ಬಿನ್ನವಿಸಿದನು. ಅವರನ್ನು ಮರೆತಿಲ್ಲವೆಂದು ಚಕ್ರವರ್ತಿ ಹೇಳಿ ಹಲವು ಅಧಿಕಾರಿಗಳಿಗೂ ಜಹಗೀರು ಕೊಟ್ಟನು. ಆದರೆ ಕೂಸುಗಳಿಗೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮರುವರ್ಷ ನಡೆದ ಒಂದು ವಿಚಾರಣೆ, ನನ್ನ ದೃಷ್ಟಿಯಲ್ಲಿ, ಈ ಮನುಷ್ಯನನ್ನು ಯಾವ ಯುದ್ಧಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ. ಅವನ ಕೈಕೆಳಗಿನ ಸೂ ಜಿಯೆನ್ ಮತ್ತು ಝಾವೋ ಶಿನ್ ಎಂಬ ಇಬ್ಬರು ಸೇನಾಪತಿಗಳು 3,000 ಸವಾರರೊಂದಿಗೆ ಬೇರ್ಪಟ್ಟು ಹೋಗುತ್ತಿದ್ದಾಗ ಚಾನ್ಯುವಿನ ಮುಖ್ಯ ಸೈನ್ಯಕ್ಕೆ ಎದುರಾದರು. ಒಂದು ದಿನ ಪೂರ್ತಿ ಕಾದಾಡಿ ಸೈನ್ಯ ಸವೆದ ಮೇಲೆ, ಮೊದಲೇ ಶ್ಯೋಂಗ್ನು ಕಡೆಯಿಂದ ಬಂದಿದ್ದ ಝಾವೋ ಶಿನ್ ಉಳಿದ 800 ಜನರೊಂದಿಗೆ ಮತ್ತೆ ಅತ್ತ ಸೇರಿಕೊಂಡನು. ಸೂ ಜಿಯೆನ್ ಒಬ್ಬಂಟಿಯಾಗಿ ತಪ್ಪಿಸಿಕೊಂಡು ಬಂದು ತನ್ನನ್ನು ಒಪ್ಪಿಸಿಕೊಂಡನು. ಇವನಿಗೇನು ಶಿಕ್ಷೆ? ಝೋ ಬಾ ಎಂಬ ಸಲಹೆಗಾರ, ಮಹಾಸೇನಾಪತಿಗಳು ಈವರೆಗೆ ಕೈಕೆಳಗಿನ ಯಾವ ಸೇನಾಪತಿಯ ತಲೆಯನ್ನೂ ತೆಗೆಸಿಲ್ಲ, ಇವನ ತಲೆ ತೆಗೆಸಿದರೆ ತಮ್ಮ ಅಧಿಕಾರದ ಭಯ ಎಲ್ಲರಿಗೂ ಬರುತ್ತದೆ ಎಂದನು. ಬೇರೆಯವರು ಅದನ್ನು ವಿರೋಧಿಸಿದರು: ಕೆಲವೇ ಸಾವಿರ ಜನರೊಂದಿಗೆ ಹತ್ತಾರು ಸಾವಿರವನ್ನು ಎದುರಿಸಿ, ಮರಳಿ ಬಂದವನನ್ನು ಕೊಂದರೆ ಮುಂದೆ ಸೋತವನು ಯಾರೂ ಮರಳಿ ಬರುವುದಿಲ್ಲ.

ವೇ ಚಿಂಗ್ ಕೊಟ್ಟ ತೀರ್ಪಿನ ತಿರುಳು ಇದು. ನಾನು ಅರಮನೆಯ ನಂಟಿನಿಂದ ಈ ಸ್ಥಾನಕ್ಕೆ ಬಂದವನು, ಭಯ ಹುಟ್ಟಿಸಬೇಕಾದ ಕೊರತೆ ನನಗಿಲ್ಲ. ಸೇನಾಪತಿಯ ತಲೆ ತೆಗೆಸುವ ಅಧಿಕಾರ ನನಗಿರಬಹುದು. ಆದರೂ ಗಡಿಯಾಚೆ ನನ್ನಷ್ಟಕ್ಕೆ ನಾನು ಅದನ್ನು ಬಳಸದೆ ಇವನನ್ನು ಚಕ್ರವರ್ತಿಯ ಬಳಿಗೆ ಕಳಿಸುತ್ತೇನೆ, ತೀರ್ಮಾನ ಅಲ್ಲಿಯೇ ಆಗಲಿ. ಸೇವಕನಾದವನು ಅಧಿಕಾರವನ್ನು ತನ್ನದೆಂದುಕೊಳ್ಳುವುದಿಲ್ಲ ಎಂಬುದು ಇದರಿಂದ ಜನರಿಗೆ ತಿಳಿದರೆ ಒಳ್ಳೆಯದಲ್ಲವೇ? ಚಕ್ರವರ್ತಿ ಸೂ ಜಿಯೆನ್‌ನ ಜೀವ ಉಳಿಸಿದನು. ದಂಡ ತೆತ್ತು ಅವನು ಸಾಮಾನ್ಯ ಪ್ರಜೆಯಾದನು. ಈ ಮಾತಿನಲ್ಲಿ ಕರುಣೆಯಿದೆ, ವಿನಯವಿದೆ. ಅದರೊಳಗೆ ಬಹಳ ಸೂಕ್ಷ್ಮವಾದ ಲೆಕ್ಕವೂ ಇದೆ. ಬೇರೆ ಸೇನಾಪತಿಗಳು ಅಧಿಕಾರವನ್ನು ತೋರಿಸಿ ಗಟ್ಟಿಮಾಡಿಕೊಳ್ಳಬೇಕಾಗಿತ್ತು. ವೇ ಚಿಂಗ್‌ನ ಅಧಿಕಾರ ಅಕ್ಕನ ಮೂಲಕ ಬಂದದ್ದು; ಅದನ್ನು ತೋರಿಸಿದಷ್ಟೂ ಅದು ಕರಗುತ್ತದೆಂಬುದು ಅವನಿಗೆ ತಿಳಿದಿತ್ತು.

ಅದೇ ವರ್ಷ ಅವನಿಗೆ ಜಹಗೀರು ಹೆಚ್ಚಲಿಲ್ಲ, ಸಾವಿರ ಚಿನ್ನ ಮಾತ್ರ ಬಹುಮಾನ ಬಂತು. ಅರಮನೆಯಲ್ಲಿ ಆಗ ಒಲವು ಅಕ್ಕನಿಂದ ಜಾರಿ ವಾಂಗ್ ಎಂಬ ಹೊಸ ರಾಣಿಯ ಮೇಲೆ ಬಿದ್ದಿತ್ತು. ನಿಂಗ್ ಚೆಂಗ್ ಎಂಬಾತ ಬಂದು, ಆ ರಾಣಿಯ ಮನೆಯವರಿನ್ನೂ ಸಿರಿವಂತರಾಗಿಲ್ಲ, ಈ ಚಿನ್ನವನ್ನು ಅವಳ ತಾಯ್ತಂದೆಗೆ ಕಾಣಿಕೆಯಾಗಿ ಕೊಡಿ ಎಂದು ಸಲಹೆಯಿತ್ತನು. ಸವತಿಯ ತವರಿಗೆ ಉಡುಗೊರೆ! ವೇ ಚಿಂಗ್ 500 ಚಿನ್ನ ಕಳಿಸಿಯೇಬಿಟ್ಟನು. ಸಂಗತಿ ತಿಳಿದ ಚಕ್ರವರ್ತಿ ಕೇಳಿದಾಗ, ಹೀಗೆಂದು ಯಾರು ಹೇಳಿಕೊಟ್ಟರೆಂಬುದನ್ನೂ ಮುಚ್ಚಿಡಲಿಲ್ಲ. ಚಕ್ರವರ್ತಿ ಮೆಚ್ಚಿ ನಿಂಗ್ ಚೆಂಗ್‌ಗೆ ದೊಂಗ್‌ಹೈ ಪ್ರಾಂತ್ಯದ ಸೇನಾಧಿಕಾರಿಯ ಹುದ್ದೆ ಕೊಟ್ಟನು.

ಅಷ್ಟರಲ್ಲಿ ಆ ಮನೆಯಿಂದಲೇ ಇನ್ನೊಂದು ನಕ್ಷತ್ರ ಎದ್ದಿತ್ತು. ಇನ್ನೊಬ್ಬ ಅಕ್ಕನ ಮಗ ಹುವೋ ಚೂಬಿಂಗ್ ಹದಿನೆಂಟರ ವಯಸ್ಸಿನಲ್ಲಿ 800 ಸವಾರರೊಂದಿಗೆ ಮುಖ್ಯ ಸೇನೆಯನ್ನು ಬಹಳ ಹಿಂದೆ ಬಿಟ್ಟು ಹೋಗಿ 2,028 ತಲೆಗಳ ಲೆಕ್ಕ ತಂದಿದ್ದನು. ಕ್ರಿ.ಪೂ. 119ರಲ್ಲಿ ಗೋಬಿ ಮರುಭೂಮಿಯನ್ನು ದಾಟಿ ಶ್ಯೋಂಗ್ನುಗಳನ್ನು ಅವರ ಮನೆಯಲ್ಲೇ ಹೊಡೆಯುವ ಯೋಜನೆ ಸಿದ್ಧವಾದಾಗ ಮಾವನಿಗೂ ಅಳಿಯನಿಗೂ ತಲಾ 50,000 ಸವಾರರು ದೊರೆತರು. ಆರಿಸಿ ತೆಗೆದ ಗಟ್ಟಿ ಸೈನಿಕರೆಲ್ಲ ಅಳಿಯನ ಪಾಲಿಗೆ ಹೋದರು, ಏಕೆಂದರೆ ಚಾನ್ಯುವನ್ನು ಹಿಡಿಯುವ ಕೀರ್ತಿ ಅವನಿಗೆ ಬರಬೇಕೆಂಬುದು ಚಕ್ರವರ್ತಿಯ ಇಚ್ಛೆ. ಚಾನ್ಯು ಸಿಕ್ಕಿದ್ದು ಮಾತ್ರ ಮಾವನಿಗೆ.

ಮರುಭೂಮಿ ದಾಟಿದಾಗ ಎದುರಿಗೆ ಶತ್ರು ಸೈನ್ಯ ಸಜ್ಜಾಗಿ ನಿಂತಿತ್ತು, ಹಾನ್ ಕುದುರೆಗಳು ದಣಿದಿದ್ದವು. ವೇ ಚಿಂಗ್ ಮೇಲುಹೊದಿಕೆಯ ಯುದ್ಧಬಂಡಿಗಳನ್ನು ಸುತ್ತಲೂ ಬಳೆಯಂತೆ ನಿಲ್ಲಿಸಿ ಮೊದಲು ಒಂದು ಕೋಟೆ ಮಾಡಿಕೊಂಡನು. ಅದರೊಳಗಿನಿಂದ 5,000 ಸವಾರರನ್ನು ಮಾತ್ರ ಹೊರಗೆ ಬಿಟ್ಟನು. ಸಂಜೆ ಹೊತ್ತು ಮುಳುಗುವಾಗ ದೊಡ್ಡ ಗಾಳಿ ಎದ್ದು ಮರಳುಕಲ್ಲು ಮುಖಕ್ಕೆ ರಾಚತೊಡಗಿತು, ಎರಡೂ ಸೈನ್ಯಗಳಿಗೆ ಒಬ್ಬರಿಗೊಬ್ಬರು ಕಾಣದಾದರು. ಅದೇ ಮರೆಯಲ್ಲಿ ಅವನು ಎಡಬಲಗಳಿಂದ ಇನ್ನಷ್ಟು ಸವಾರರನ್ನು ಕಳಿಸಿ ಚಾನ್ಯುವನ್ನು ಸುತ್ತಿದನು. ಹಾನ್ ಸೈನ್ಯ ಎಣಿಸಿದ್ದಕ್ಕಿಂತ ದೊಡ್ಡದೆಂದು ಅರಿತ ಚಾನ್ಯು ಹೇಸರಗತ್ತೆ ಹೂಡಿದ ಬಂಡಿಯೇರಿ ಕೆಲವು ನೂರು ಸವಾರರೊಂದಿಗೆ ವಾಯವ್ಯಕ್ಕೆ ಪಾರಾದನು. ಕತ್ತಲಲ್ಲಿ ಉಳಿದವರು ಬಡಿದಾಡುತ್ತಲೇ ಇದ್ದರು. ದೊರೆ ಹೋದ ಸುದ್ದಿ ಒಬ್ಬ ಸೆರೆಯಾಳಿನ ಬಾಯಿಂದ ಹೊರಬಿತ್ತು. ಬೆಳಗಿನವರೆಗೆ ಇನ್ನೂರು ಲೀ ಬೆನ್ನಟ್ಟಿದರೂ ಅವನು ಸಿಗಲಿಲ್ಲ. ಕೊಲೆ ಮತ್ತು ಸೆರೆಯ ಲೆಕ್ಕ 19,000. ಮುಂದೆ ಝಾವೋ ಶಿನ್‌ನ ಹೆಸರಿನ ಕೋಟೆಯಲ್ಲಿ ಶತ್ರುಗಳು ಕೂಡಿಟ್ಟ ದವಸವನ್ನು ಉಂಡು, ಉಳಿದುದಕ್ಕೆ ಬೆಂಕಿಯಿಟ್ಟು ಮರಳಿದರು. ಆ ವರ್ಷ ಗಡಿ ದಾಟಿದ ಕುದುರೆಗಳು 1,40,000. ಹಿಂದಿರುಗಿದವು 30,000ಕ್ಕಿಂತ ಕಡಿಮೆ. ಮುಂದೆ ಹಲವು ವರ್ಷ ದೊಡ್ಡ ದಂಡಯಾತ್ರೆ ನಡೆಯದಿರಲು ಕುದುರೆಗಳ ಈ ಕೊರತೆಯೂ ಒಂದು ಕಾರಣ.

ಈ ಗೆಲುವಿನೊಳಗೇ ಒಂದು ಕಳಂಕವಿದೆ. ಅರವತ್ತು ದಾಟಿದ್ದ ಲೀ ಗ್ವಾಂಗ್ ಹಟ ಹಿಡಿದು ಈ ಯುದ್ಧಕ್ಕೆ ಬಂದಿದ್ದನು. ಮುಂಚೂಣಿಯಲ್ಲಿ ನಿಂತು ಚಾನ್ಯುವನ್ನು ಎದುರಿಸುವುದು ಅವನ ಕೊನೆಯ ಆಸೆ. ಮುದುಕನ ನಸೀಬು ನೆಟ್ಟಗಿಲ್ಲ, ಅವನನ್ನು ಚಾನ್ಯುವಿನ ಎದುರು ಬಿಡಬೇಡ ಎಂದು ಚಕ್ರವರ್ತಿ ವೇ ಚಿಂಗ್‌ಗೆ ಗುಟ್ಟಾಗಿ ಹೇಳಿದ್ದನು. ಇತ್ತ ಜಹಗೀರು ಕಳೆದುಕೊಂಡಿದ್ದ ಗೊಂಗ್‌ಸುನ್ ಆವೋಗೆ ಹೆಸರು ಮಾಡುವ ಅವಕಾಶ ಕೊಡಬೇಕೆಂಬ ಆಸೆ ವೇ ಚಿಂಗ್‌ಗೂ ಇತ್ತು. ಲೀ ಗ್ವಾಂಗ್‌ನನ್ನು ನೀರು ಹುಲ್ಲು ಕಡಿಮೆಯಿರುವ ಪೂರ್ವದ ಬಳಸುದಾರಿಗೆ ಕಳಿಸಿದರು. ದಾರಿ ತೋರುವವನಿಲ್ಲದೆ ಅವನು ದಿಕ್ಕು ತಪ್ಪಿ, ಯುದ್ಧ ಮುಗಿದ ಮೇಲೆ ಬಂದು ಸೇರಿದನು. ವರದಿಗಾಗಿ ಗುಮಾಸ್ತರು ವಿಚಾರಣೆಗೆ ಕರೆದಾಗ, ಈ ವಯಸ್ಸಿನಲ್ಲಿ ಲೆಕ್ಕಣಿಕೆಯವರ ಮುಂದೆ ನಿಲ್ಲಲಾರೆನೆಂದು ಕತ್ತಿಯಿಂದ ಕೊರಳು ಕೊಯ್ದುಕೊಂಡನು. ಹಳೆಯ ಗೆಳೆಯನ ಋಣ ತೀರಿಸಲು ಹೋಗಿ ವೇ ಚಿಂಗ್ ಮಾಡಿದ ಅನ್ಯಾಯವಿದು, ಚಕ್ರವರ್ತಿಯ ಅಪ್ಪಣೆ ಅದಕ್ಕೆ ಹೊದಿಕೆಯಾಯಿತು ಎಂದೇ ನನಗನ್ನಿಸುತ್ತದೆ.

ಮುಂದೆ ಲೀ ಗ್ವಾಂಗ್‌ನ ಮಗ ಲೀ ಗಾನ್ ಸಿಟ್ಟಿನಲ್ಲಿ ಮಹಾಸೇನಾಪತಿಯ ಮೇಲೆ ಕೈಮಾಡಿ ಗಾಯಗೊಳಿಸಿದನು. ಅದು ತಲೆ ಹೋಗುವ ಅಪರಾಧ. ವೇ ಚಿಂಗ್ ಯಾರಿಗೂ ಹೇಳದೆ ನುಂಗಿಕೊಂಡನು. ಅಳಿಯ ಹುವೋ ಚೂಬಿಂಗ್ ಮಾತ್ರ ನುಂಗಿಕೊಳ್ಳಲಿಲ್ಲ. ಗಾನ್‌ಚ್ಯುವಾನ್‌ನ ಬೇಟೆಯಲ್ಲಿ ಲೀ ಗಾನ್‌ನನ್ನು ಬಾಣ ಬಿಟ್ಟು ಕೊಂದುಹಾಕಿದನು, ಚಕ್ರವರ್ತಿ ಅವನಿಗೆ ಜಿಂಕೆ ತಿವಿದು ಸಾವು ಬಂತೆಂದು ಸಾರಿಸಿದನು.

ಕ್ರಿ.ಪೂ. 119ರ ಗೆಲುವಿಗೆ ಅಳಿಯನ ಜಹಗೀರಿಗೆ 5,800 ಕುಟುಂಬಗಳು ಸೇರಿದವು, ಮಾವನಿಗೆ ಒಂದೂ ಇಲ್ಲ. ಇಬ್ಬರಿಗೂ ಸಮಾನವಾದ ಹೊಸ ಪದವಿ ಕೊಟ್ಟು, ಸಂಬಳವನ್ನೂ ಸಮ ಮಾಡಿದಾಗ ಗಾಳಿ ಯಾವ ಕಡೆಗೆಂದು ಆಸ್ಥಾನಕ್ಕೆ ತಿಳಿಯಿತು. ವೇ ಚಿಂಗ್‌ನ ಪಡಸಾಲೆಯಲ್ಲಿ ಕಾದು ಕೂರುತ್ತಿದ್ದವರು ಒಬ್ಬೊಬ್ಬರಾಗಿ ಹುವೋ ಚೂಬಿಂಗ್‌ನ ಮನೆಗೆ ಹೋದರು. ರೆನ್ ಆನ್ ಎಂಬೊಬ್ಬ ಉಳಿದನು. ಅಳಿಯ ಕ್ರಿ.ಪೂ. 117ರಲ್ಲಿ ಇಪ್ಪತ್ತನಾಲ್ಕರ ಹರೆಯದಲ್ಲಿ ತೀರಿಕೊಂಡ ಮೇಲೆಯೂ ಮಾವನಿಗೆ ಮತ್ತೆ ದಂಡಯಾತ್ರೆಯ ಅಪ್ಪಣೆ ಬರಲಿಲ್ಲ.

ಇದಕ್ಕೆ ಅವನು ಗೊಣಗಿದ ದಾಖಲೆಯಿಲ್ಲ. ಇಷ್ಟು ದೊಡ್ಡ ಸ್ಥಾನದಲ್ಲಿದ್ದರೂ ವಿದ್ವಜ್ಜನರು ನಿಮ್ಮನ್ನು ಹೊಗಳುವುದಿಲ್ಲ, ಹಳೆಯ ಸೇನಾಪತಿಗಳಂತೆ ಯೋಗ್ಯರನ್ನು ಕರೆದು ಆಶ್ರಯ ಕೊಡಬಾರದೇ ಎಂದು ಸೂ ಜಿಯೆನ್ ಒಮ್ಮೆ ಕೇಳಿದ್ದುಂಟು. ದೋ ಯಿಂಗ್, ಟಿಯೆನ್ ಫೆನ್ ಆಶ್ರಿತರನ್ನು ಸಾಕಿದಾಗ ಚಕ್ರವರ್ತಿ ಹಲ್ಲು ಕಡಿಯುತ್ತಿದ್ದನು, ಯೋಗ್ಯರನ್ನು ಆರಿಸುವುದು ಅರಸನ ಕೆಲಸ, ನಮ್ಮದು ಕಾನೂನಿನಂತೆ ನಡೆಯುವುದಷ್ಟೇ ಎಂದು ಅವನು ಉತ್ತರಿಸಿದನು. ಅವನು ಬಾಯಿ ಬಿಟ್ಟ ಒಂದು ಸಂದರ್ಭವೂ ಅವನಿಗೆ ಪಾಠವಾಗಿರಬೇಕು. ಸಿರಿವಂತರನ್ನು ರಾಜಧಾನಿಯ ಬಳಿಯ ಮಾವೋಲಿಂಗ್‌ಗೆ ಬಲವಂತವಾಗಿ ಸ್ಥಳಾಂತರಿಸುವಾಗ ಗುವೋ ಜಿಯೆ ಎಂಬ ಪುಂಡರ ನಾಯಕನ ಹೆಸರೂ ಪಟ್ಟಿಯಲ್ಲಿತ್ತು. ಅವನು ಬಡವ, ಪಟ್ಟಿಗೆ ಬರುವವನಲ್ಲ ಎಂದು ವೇ ಚಿಂಗ್ ಹೇಳಿದ್ದಕ್ಕೆ ಚಕ್ರವರ್ತಿ, ಸೇನಾಪತಿಯಿಂದ ವಕಾಲತ್ತು ಮಾಡಿಸಬಲ್ಲ ಸಾಮಾನ್ಯನು ಬಡವನಾಗಿರಲಾರನು ಎಂದುಬಿಟ್ಟನು. ಇನ್ನು ಆ ಜೀ ಆನ್, ಎಲ್ಲರೂ ಅಡ್ಡಬೀಳುವಾಗ ತಾನೊಬ್ಬ ಬರೀ ಕೈಮುಗಿದು ನಿಲ್ಲುತ್ತಿದ್ದವನು, ಅವನನ್ನು ವೇ ಚಿಂಗ್ ಎಲ್ಲರಿಗಿಂತ ಹೆಚ್ಚು ಗೌರವಿಸಿ ರಾಜ್ಯದ ಕಗ್ಗಂಟುಗಳ ಬಗ್ಗೆ ಸಲಹೆ ಕೇಳುತ್ತಿದ್ದನು.

ಸಮಕಾಲೀನ ಇತಿಹಾಸಕಾರ ಸೀಮಾ ಚಿಯೆನ್ ಅವನ ಬಗ್ಗೆ ಬರೆದಿರುವುದರಲ್ಲಿ ಚಳಿಯಿದೆ: ಒಳ್ಳೆಯವನು, ಸೌಮ್ಯ, ಮೆತ್ತಗಿದ್ದು ಮೇಲಿನವರನ್ನು ಒಲಿಸಿಕೊಂಡವನು, ಲೋಕದ ಹೊಗಳಿಕೆ ಗಳಿಸಲಿಲ್ಲ. ಲೀ ಗ್ವಾಂಗ್‌ನ ಚಿತ್ರವನ್ನು ಅವನು ಕಣ್ಣೀರು ಬರುವಂತೆ ಬಿಡಿಸಿದ್ದಾನೆ. ಈ ಇತಿಹಾಸಕಾರ ಲೀ ಗ್ವಾಂಗ್‌ನ ಮೊಮ್ಮಗನ ಪರ ಮಾತಾಡಿದ್ದಕ್ಕಾಗಿ ಬೀಜಚ್ಛೇದನದ ಶಿಕ್ಷೆ ಅನುಭವಿಸಿದವನು ಎಂಬುದನ್ನು ಓದುವಾಗ ನೆನಪಿಡಬೇಕು. ಆದರೂ ಅವನೇ ಬರೆದಿಟ್ಟ ಲೆಕ್ಕ ಹೀಗಿದೆ: ಶ್ಯೋಂಗ್ನುಗಳ ಮೇಲೆ ಏಳು ದಂಡಯಾತ್ರೆ, ಕೊಂದವರು ಸೆರೆಯಾದವರು 50,000ಕ್ಕೂ ಹೆಚ್ಚು. ಒಮ್ಮೆಯೂ ದೊಡ್ಡ ಸೋಲಿಲ್ಲ. ನಂಟಿನಿಂದ ಅವಕಾಶ ಸಿಗುತ್ತದೆ, ಗೆಲುವು ಸಿಗುವುದಿಲ್ಲ ಎಂಬುದಕ್ಕೆ ಮುಂದೆ ಇನ್ನೊಬ್ಬ ರಾಣಿಯ ಅಣ್ಣ ಲೀ ಗ್ವಾಂಗ್‌ಲೀ ಸಾಕ್ಷಿಯಾದನು. ಮಧ್ಯ ಏಷ್ಯಾದ ಫರ್ಗಾನಾದ ಕುದುರೆಗಳಿಗಾಗಿ ಹೊರಟ ಅವನ ಮೊದಲ ದಂಡು ಹಸಿವಿನಲ್ಲೇ ಕರಗಿತು, ಕ್ರಿ.ಪೂ. 90ರಲ್ಲಿ ಅವನು ಶ್ಯೋಂಗ್ನುಗಳಿಗೇ ಶರಣಾದನು.

ಪಿಂಗ್‌ಯಾಂಗ್ ರಾಜಕುಮಾರಿಯ ಜೊತೆಗಿನ ಮದುವೆಯ ಕತೆ ಚಿಕ್ಕದು. ಅವಳಿಗೆ ಮರುಮದುವೆಯ ಮಾತು ಬಂದಾಗ ಪರಿವಾರದವರೆಲ್ಲ ಮಹಾಸೇನಾಪತಿಯ ಹೆಸರು ಹೇಳಿದರು. ನಮ್ಮ ಮನೆಯಿಂದ ಹೋದವನು, ನನ್ನ ಸವಾರಿಯ ಹಿಂದೆ ಕುದುರೆ ಏರಿ ಬರುತ್ತಿದ್ದವನು ಎಂದು ಅವಳು ನಕ್ಕಳು. ಈಗ ಅವನ ಅಕ್ಕ ಪಟ್ಟದರಸಿ, ಮೂರು ಮಕ್ಕಳೂ ಪ್ರಭುಗಳು ಎಂದು ಅವರು ನೆನಪಿಸಿದರು. ಅವಳು ಒಪ್ಪಿದಳು, ಪಟ್ಟದರಸಿಯ ಮೂಲಕ ಮಾತು ಹೋಯಿತು, ಚಕ್ರವರ್ತಿ ಅಪ್ಪಣೆ ಕೊಟ್ಟನು. ವರನನ್ನು ಯಾರಾದರೂ ಕೇಳಿದರೇ ಎಂಬುದನ್ನು ಆ ಕತೆ ಹೇಳುವುದಿಲ್ಲ.

ಅವನು ಬದುಕಿರುವಾಗಲೇ ಮೂವರು ಮಕ್ಕಳ ಜಹಗೀರುಗಳೂ ಹೋದವು. ಹಿರಿಯವನದು ಒಂದು ಅಪರಾಧಕ್ಕೆ, ಕಿರಿಯರಿಬ್ಬರದು ಕ್ರಿ.ಪೂ. 112ರಲ್ಲಿ ಪೂರ್ವಜರ ಗುಡಿಗೆ ಒಪ್ಪಿಸಿದ ಚಿನ್ನ ಸರಿಯಿಲ್ಲವೆಂಬ ಆರೋಪಕ್ಕೆ. ಆ ವರ್ಷ ನೂರಕ್ಕೂ ಹೆಚ್ಚು ಪ್ರಭುಗಳು ಹೀಗೆ ಬೀದಿಗೆ ಬಿದ್ದರು. ವೇ ಚಿಂಗ್ ಕ್ರಿ.ಪೂ. 106ರಲ್ಲಿ ತೀರಿಕೊಂಡನು. ಚಕ್ರವರ್ತಿಯ ಸಮಾಧಿಗಾಗಿ ಸಿದ್ಧವಾಗುತ್ತಿದ್ದ ಮಾವೋಲಿಂಗ್‌ನ ಪಕ್ಕದಲ್ಲಿ ಅವನಿಗೂ ರಾಜಕುಮಾರಿಗೂ ಒಂದೇ ಮಣ್ಣಿನ ದಿಬ್ಬ ಎದ್ದಿತು, ಲೂ ಪರ್ವತದ ಆಕಾರದಲ್ಲಿ. ಅದರ ಬಳಿಯಲ್ಲೇ ಚಿಲಿಯೆನ್ ಪರ್ವತದ ಆಕಾರದಲ್ಲಿ ಅಳಿಯನ ದಿಬ್ಬವಿದೆ; ಇಂದಿಗೂ ಶಾನ್‌ಷಿ ಪ್ರಾಂತ್ಯದ ಶಿಂಗ್‌ಪಿಂಗ್‌ನಲ್ಲಿ ಎರಡನ್ನೂ ನೋಡಬಹುದು.

ಅರಮನೆಯಲ್ಲಿ ತವರಿನ ಆಸರೆ ಕಳೆದುಕೊಂಡ ಅಕ್ಕ ಇನ್ನೂ ಹದಿನೈದು ವರ್ಷ ಪಟ್ಟದಲ್ಲಿ ಉಳಿದಳು. ಕ್ರಿ.ಪೂ. 91ರಲ್ಲಿ ಮುದಿ ಚಕ್ರವರ್ತಿಯ ಕಾಯಿಲೆಗೆ ಯಾರೋ ಮಾಟ ಮಾಡಿಸಿದ್ದಾರೆಂಬ ಗುಲ್ಲೆದ್ದಾಗ ಅವಳ ಇಬ್ಬರು ಹೆಣ್ಣುಮಕ್ಕಳ, ವೇ ಚಿಂಗ್‌ನ ಹಿರಿಯ ಮಗ ವೇ ಕಾಂಗ್‌ನ ತಲೆಗಳು ಉರುಳಿದವು. ಯುವರಾಜ ಲ್ಯೂ ಜೂ ಆರೋಪ ತನ್ನ ಕುತ್ತಿಗೆಗೆ ಬಂದಾಗ ಆಯುಧವೆತ್ತಿ, ಸೋತು, ಓಡಿಹೋಗಿ ನೇಣು ಹಾಕಿಕೊಂಡನು. ಪಟ್ಟದರಸಿಯ ಮುದ್ರೆಯನ್ನು ಕಿತ್ತುಕೊಳ್ಳಲು ಇಬ್ಬರು ಅಧಿಕಾರಿಗಳು ಬಂದಾಗ ಅವಳು ತಾನಾಗಿ ಪ್ರಾಣ ಕಳೆದುಕೊಂಡಳು. ಸಣ್ಣ ಪೆಟ್ಟಿಗೆಯೊಂದರಲ್ಲಿಟ್ಟು ಊರಾಚೆ ದಕ್ಷಿಣಕ್ಕೆ ಹೂಳಿದರು. ಯುವರಾಜನ ಸಂತಾನದಲ್ಲಿ ಉಳಿದದ್ದು ಸೆರೆಮನೆ ಸೇರಿದ್ದ ಒಂದು ಎಳೆಗೂಸು ಮಾತ್ರ. ಆ ಕೂಸು ಕ್ರಿ.ಪೂ. 74ರಲ್ಲಿ ಶ್ಯುವಾನ್ ಚಕ್ರವರ್ತಿಯಾಗಿ ಪಟ್ಟವೇರಿದ ಮೇಲೆ ಮುತ್ತಜ್ಜಿಯ ಅವಶೇಷಗಳನ್ನು ಬೇರೆಡೆ ವಿಧಿಪೂರ್ವಕ ಮಣ್ಣು ಮಾಡಿಸಿ, ಆ ಸಮಾಧಿಯನ್ನು ನೋಡಿಕೊಳ್ಳಲು 300 ಕುಟುಂಬಗಳನ್ನು ನೆಲೆಗೊಳಿಸಿದನು.